ಮೀಟರ್ ಮಾವನ ಮೈನಸ್ ಎಂಟು

ನೀರು ಸರಬರಾಜು ಇಲಾಖೆಯವರು ಇಪ್ಪತ್ತೇಳು ವರ್ಷದಲ್ಲಿ ಒಂದು ದಿನವೂ ಮೀಟರ್ ಮಾವನ ಬೆನ್ನಿನ ಯೋಗಕ್ಷೇಮ ವಿಚಾರಿಸಿದವರಲ್ಲ. ಬೆನ್ನು ಅಂತ ಒಂದಿದೆ, ಅಂಗಿಯ ಹಿಂಭಾಗದಲ್ಲೇ ಎಲ್ಲೋ ಇರಬೇಕು ಅಂತ ನಂಬಿಕೊಂಡು ಸುಮ್ಮನಿದ್ದರು. ಒಂದು ಸೋಮವಾರ ಇದ್ದಕ್ಕಿದ್ದ ಹಾಗೆ ನೋಟಿಸ್ ಬೋರ್ಡಿನ ಮೇಲೆ ಸುತ್ತೋಲೆ ಬಂದು ಕೂತಿತು. ಐವತ್ತು ದಾಟಿದ ಮೀಟರ್ ಓದುಗರೆಲ್ಲ ಬೆನ್ನಿನ ಬಲ ಮತ್ತು ಬಾಗುವಿಕೆಯ ಫಿಟ್‌ನೆಸ್ ಪರೀಕ್ಷೆಗೆ ಹಾಜರಾಗತಕ್ಕದ್ದು. ಪಾಸಾದವರು ಬೀದಿಯಲ್ಲಿ ಮುಂದುವರಿಯತಕ್ಕದ್ದು. ಫೇಲಾದವರು ನಾಲ್ಕನೇ ಕಿಟಕಿಯಲ್ಲಿ ಕೂರತಕ್ಕದ್ದು.

ನಾಲ್ಕನೇ ಕಿಟಕಿ ಅಂದರೆ ದೂರಿನ ಕಿಟಕಿ. ನಲ್ಲಿಯಲ್ಲಿ ನೀರು ಬಾರದವರು, ಬಂದ ನೀರು ನಿಲ್ಲದವರು, ಬಿಲ್ಲು ಜಾಸ್ತಿ ಬಂದವರು, ಬಿಲ್ಲೇ ಬಾರದವರು, ಬೆಳಿಗ್ಗೆ ಮನೆಯಲ್ಲಿ ಜಗಳವಾಡಿ ಯಾರನ್ನಾದರೂ ಬೈಯಲೇಬೇಕು ಅಂತ ಹೊರಟವರು, ಎಲ್ಲರೂ ಬಂದು ಮುಟ್ಟುವುದು ಅಲ್ಲಿಗೇ. ಅಲ್ಲಿ ಆರು ವರ್ಷ ಕೂತಿದ್ದ ಗುಮಾಸ್ತ ಈಗ ಮನೆಯಲ್ಲಿ ಹೆಂಡತಿ "ಊಟಕ್ಕೆ ಬನ್ನಿ" ಅಂದರೂ "ಅರ್ಜಿ ಬರೆದು ಕೊಡಿ, ನೋಡೋಣ" ಅನ್ನುತ್ತಾನಂತೆ. ಅವನು ಮುಂದಿನ ತಿಂಗಳು ನಿವೃತ್ತನಾಗುತ್ತಿದ್ದ. ಆ ಕುರ್ಚಿಗೆ ಒಂದು ತಲೆ ಬೇಕಾಗಿತ್ತು, ಅದಕ್ಕೇ ಈ ಬೆನ್ನಿನ ಮೇಲಿನ ಪ್ರೀತಿ ಅಂತ ಆಫೀಸಿನ ಜವಾನನಿಂದ ಹಿಡಿದು ಎಲ್ಲರಿಗೂ ಗೊತ್ತಿತ್ತು.

ಮೀಟರ್ ಮಾವ ಸುತ್ತೋಲೆಯನ್ನು ಮೂರು ಸಲ ಓದಿದರು. ಅವರ ಪಾಲಿಗೆ ಬೀದಿ ಅಂದರೆ ಬರೀ ಕೆಲಸವಲ್ಲ. ಮನೆಯಲ್ಲಿ ಅವರ ಮಾತಿಗೆ ಮೂರು ಕಾಸಿನ ಕಿಮ್ಮತ್ತಿರಲಿಲ್ಲ. ಟೀವಿಯ ಸದ್ದು ಕಡಿಮೆ ಮಾಡಬೇಕೇ ಅನ್ನುವುದಕ್ಕೂ ಅವರನ್ನು ಯಾರೂ ಕೇಳುತ್ತಿರಲಿಲ್ಲ. ಆದರೆ ಮುನ್ನೂರ ಹನ್ನೆರಡು ಮೀಟರುಗಳ ಆ ಬೀದಿಗೆ ಕಾಲಿಟ್ಟರೆ ಸಾಕು, "ಮಾವ ಬಂದ್ರು, ಕುರ್ಚಿ ಹಾಕ್ರೀ!" ಅನ್ನುವವರೇ. ಮಗಳನ್ನು ಯಾವ ಕಾಲೇಜಿಗೆ ಸೇರಿಸಬೇಕು, ಸೋರುವ ತೊಟ್ಟಿಗೆ ಯಾವ ಸಿಮೆಂಟು, ಓರಗಿತ್ತಿಯ ಜೊತೆ ಮಾತು ಬಿಟ್ಟದ್ದು ಸರಿಯೇ, ಎಲ್ಲಕ್ಕೂ ಮಾವನ ತೀರ್ಪೇ ಕೊನೆ. ಆ ಬೀದಿ ಕೈಬಿಟ್ಟರೆ ತಾನು ಯಾರಿಗೂ ಬೇಡದ ಮನುಷ್ಯ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಸುತ್ತೋಲೆಗೆ ಹೆದರಲು ಇನ್ನೊಂದು ಕಾರಣವೂ ಇತ್ತು. ಮಾವ ಮೀಟರಿನ ಮುಂದೆ ಬಗ್ಗಿ ಹನ್ನೆರಡು ವರ್ಷವಾಗಿತ್ತು.

ಆ ಭಾಗದ ಮೀಟರುಗಳೆಲ್ಲ ನೆಲದ ಗುಂಡಿಯೊಳಗೆ ಗೋಡೆಗೆ ಮುಖ ಮಾಡಿಕೊಂಡು ಕೂತಿರುತ್ತವೆ. ಓದಬೇಕಾದರೆ ಮುಚ್ಚಳ ತೆಗೆದು, ಸೊಂಟ ಮಡಿಸಿ, ತಲೆಯನ್ನು ಗುಂಡಿಯೊಳಗೆ ತೂರಿಸಬೇಕು. ಹನ್ನೆರಡು ವರ್ಷದ ಹಿಂದೆ ಮಾವ ಹಾಗೆ ತೂರಿಸಿದಾಗ ಸೊಂಟ ಹಿಡಿದುಕೊಂಡು, ಇಬ್ಬರು ಬಂದು ಎತ್ತುವವರೆಗೂ ಅವರು ಆ ಗುಂಡಿಯಲ್ಲೇ ಒಂದೂವರೆ ಗಂಟೆ ಪ್ರಪಂಚ ನೋಡಬೇಕಾಯಿತು. ಮಾರನೆಯ ದಿನವೇ ಹಳೇ ಸ್ಕೂಟರಿನ ಕನ್ನಡಿಯೊಂದನ್ನು ಛತ್ರಿಯ ತುದಿಗೆ ತಂತಿಯಿಂದ ಬಿಗಿದರು. ಅವತ್ತಿನಿಂದ ಗುಂಡಿಯ ಪಕ್ಕ ಅಧಿಕಾರಿಯ ಹಾಗೆ ನೆಟ್ಟಗೆ ನಿಂತು, ಛತ್ರಿ ಇಳಿಬಿಟ್ಟು, ಕನ್ನಡಿಯಲ್ಲಿ ನೋಡಿ ಬರೆದುಕೊಳ್ಳುವುದೇ ಅವರ ಕ್ರಮ. ಕನ್ನಡಿಯಲ್ಲಿ ಅಂಕಿಗಳು ತಿರುಗುಮುರುಗಾಗಿ ಕಾಣುತ್ತವೆ ನಿಜ. ಮೊದಲ ತಿಂಗಳು ಒದ್ದಾಡಿದರು. ಆಮೇಲೆ ಬಲದಿಂದ ಎಡಕ್ಕೆ ಓದುವುದು ಎಷ್ಟು ರೂಢಿಯಾಯಿತೆಂದರೆ, ಯೋಚನೆಯೇ ಬೇಕಾಗುತ್ತಿರಲಿಲ್ಲ. ಬೀದಿಯ ಜನ ಅದನ್ನು ಇಲಾಖೆಯೇ ಕೊಟ್ಟ ಉಪಕರಣ ಅಂದುಕೊಂಡಿದ್ದರು. ಇಲಾಖೆಯವರು ಅದನ್ನು ಛತ್ರಿ ಅಂದುಕೊಂಡಿದ್ದರು.

ಇಂಥ ಹೊತ್ತಿನಲ್ಲಿ ಬುದ್ಧಿವಂತನಾದವನು ಎಣ್ಣೆ ಹಚ್ಚಿಕೊಂಡು ವ್ಯಾಯಾಮ ಮಾಡುತ್ತಾನೆ. ಮಾವ ಹೊಸ ಪ್ಯಾಂಟು ಹೊಲಿಸಲು ಹೋದರು.

"ಆ ಸಡಿಲ ಪಾಯಿಜಾಮ ಹಾಕ್ಕೊಂಡು ಹೋಗ್ರೀ, ಆರಾಮಾಗಿರುತ್ತೆ" ಅಂದಳು ಹೆಂಡತಿ.

"ದೊಡ್ಡ ಸಾಹೇಬರ ಮುಂದೆ ಪಾಯಿಜಾಮಾನಾ? ನನಗೂ ಒಂದು ಘನತೆ ಅಂತ ಇದೆ ಕಣೇ!"

"ಎಲ್ಲಿದೆ?" ಅಂತ ಅವಳು ನಿಜವಾಗಿಯೂ ತಿಳಿದುಕೊಳ್ಳುವವಳ ಹಾಗೆ ಕೇಳಿದಳು.

ಬೀದಿಯ ತುದಿಯ ದರ್ಜಿ ಮಾವನ ಪರಮ ಭಕ್ತ. "ಏನು ವಿಶೇಷ ಮಾವ?" ಅಂತ ಟೇಪು ಹಿಡಿದ.

"ಶುಕ್ರವಾರ ಫಿಟ್‌ನೆಸ್ ಟೆಸ್ಟು ಕಣಯ್ಯ. ಅದಕ್ಕೆ ಒಂದು ಪ್ಯಾಂಟು ಬೇಕು."

ದರ್ಜಿಯ ಕಿವಿ ನೆಟ್ಟಗಾಯಿತು. ಫಿಟ್ ಅನ್ನುವ ಮಾತು ಅವನಿಗೆ ಗೊತ್ತಿದ್ದದ್ದು ಒಂದೇ ಅರ್ಥದಲ್ಲಿ. "ಆಫೀಸಿನವರು ಫಿಟ್ಟಿಂಗೂ ಟೆಸ್ಟ್ ಮಾಡ್ತಾರಾ?"

"ಮಾಡ್ದೆ ಬಿಡ್ತಾರಾ? ಅದಕ್ಕೇ ಒಬ್ಬ ತಜ್ಞ ಬಂದಿದಾನೆ. ಒಂದಿಷ್ಟು ಹೆಚ್ಚುಕಮ್ಮಿ ಆದ್ರೂ ನನ್ನ ಕಥೆ ಮುಗೀತು."

"ನೀವು ನಿಶ್ಚಿಂತೆಯಾಗಿರಿ ಮಾವ" ಅಂದ ದರ್ಜಿ. ಅವನ ಕಣ್ಣು ತುಂಬಿ ಬಂದಿತ್ತು. ಮೂವತ್ತು ವರ್ಷದ ಕಸುಬಿನಲ್ಲಿ ಅವನ ಹೊಲಿಗೆಯನ್ನು ಒಬ್ಬ ತಜ್ಞ ಪರೀಕ್ಷೆ ಮಾಡುವುದು ಇದೇ ಮೊದಲು. ಎರಡು ರಾತ್ರಿ ನಿದ್ದೆಗೆಟ್ಟು, ಒಂದು ದಾರದ ಎಳೆಯಷ್ಟೂ ಸಡಿಲವಿಲ್ಲದ ಹಾಗೆ, ಹಿಂಬದಿಯ ಹೊಲಿಗೆಯನ್ನು ಮೂರು ಸುತ್ತು ಹಾಕಿ, ಮಾವನ ಚರ್ಮಕ್ಕೂ ಬಟ್ಟೆಗೂ ನಡುವೆ ಗಾಳಿಯೂ ನುಸುಳದಂಥ ಪ್ಯಾಂಟು ಹೊಲಿದು ಕೊಟ್ಟ.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಮಾವ ಆ ಪ್ಯಾಂಟಿನೊಳಗೆ ಇಳಿದರು. ಇಳಿಯಲು ಹೆಂಡತಿಯೂ, ಮೇಲಿನ ಮಹಡಿಯಲ್ಲಿದ್ದ ಭಾವಮೈದನೂ ಸಹಾಯ ಮಾಡಬೇಕಾಯಿತು. ನಿಂತರೆ ಭೇಷ್ ಅನ್ನುವಂತಿತ್ತು. ಬಸ್ಸಿನಲ್ಲಿ ಸೀಟು ಸಿಕ್ಕರೂ ಅವರು ನಿಂತೇ ಹೋದರು.

ಆಫೀಸಿನ ಹಿಂದಿನ ಗೋದಾಮಿನಲ್ಲಿ ಪರೀಕ್ಷೆ. ಪರೀಕ್ಷಕ ಕುತ್ತಿಗೆಗೆ ಸೀಟಿ ನೇತುಹಾಕಿಕೊಂಡಿದ್ದ ಕಟ್ಟುಮಸ್ತು ಮನುಷ್ಯ. ತನ್ನ ಮರದ ಪೆಟ್ಟಿಗೆಯನ್ನು ಮಗುವಿನ ಹಾಗೆ ಒರೆಸುತ್ತಿದ್ದುದರಿಂದ ಅರ್ಧ ಗಂಟೆಯೊಳಗೆ ಅವನಿಗೆ ಪೆಟ್ಟಿಗೆ ಮೇಷ್ಟ್ರು ಅಂತ ಹೆಸರು ಬಿದ್ದಿತ್ತು.

ಮೊದಲು ಬೆನ್ನಿನ ಬಲ. ಹಲಗೆಯ ಮೇಲೆ ನಿಂತು, ಸರಪಳಿಗೆ ಕಟ್ಟಿದ ಹಿಡಿಯನ್ನು ಮೇಲಕ್ಕೆ ಎಳೆಯಬೇಕು, ಗಡಿಯಾರದಂಥ ಮುಖದ ಮೇಲೆ ಮುಳ್ಳು ಓಡಬೇಕು. ಮಾವ ಎಳೆಯುವ ಮೊದಲೇ ಒಮ್ಮೆ ಇಣುಕಿ ನೋಡಿದರು. ಇಪ್ಪತ್ತೇಳು ವರ್ಷದ ಅಭ್ಯಾಸ.

"ಸಾರ್, ಮುಳ್ಳು ಸೊನ್ನೇಲಿಲ್ಲ. ಹಿಂದಿನವರು ಎಳೆದ ಎಪ್ಪತ್ತರಲ್ಲೇ ನಿಂತಿದೆ."

"ನೀವು ಓದೋದು ನೀರಿನ ಮೀಟರ್ ರೀ. ಇದು ಬೆನ್ನಿನ ಮೀಟರ್. ಎಳೀರಿ!"

ಮಾವ ಎಳೆದರು. ಮುಳ್ಳು ನೂರ ಹತ್ತಕ್ಕೆ ಹೋಯಿತು. "ಭಲೇ! ಇಪ್ಪತ್ತೈದರ ಹುಡುಗರಿಗೂ ಬರಲ್ಲ ಇದು!" ಅಂತ ಮೇಷ್ಟ್ರು ಸೀಟಿ ಊದಿದ.

ಆಮೇಲೆ ಬಾಗುವಿಕೆ. ನೆಲದ ಮೇಲೆ ಕಾಲು ಚಾಚಿ ಕೂತು, ಅಂಗಾಲನ್ನು ಪೆಟ್ಟಿಗೆಯ ಹಲಗೆಗೆ ಊರಿ, ಮಂಡಿ ಎತ್ತದೆ ಕೈಯನ್ನು ಪೆಟ್ಟಿಗೆಯ ಮೇಲಿನ ಅಳತೆಪಟ್ಟಿಯ ಉದ್ದಕ್ಕೂ ಮುಂದೆ ದೂಡಬೇಕು. ಕಾಲ ಬೆರಳಿನ ನೇರಕ್ಕೆ ಸೊನ್ನೆ. ದಾಟಿದರೆ ಪ್ಲಸ್, ಮುಟ್ಟದಿದ್ದರೆ ಮೈನಸ್. ಪಾಸಾಗಲು ಕನಿಷ್ಠ ಪ್ಲಸ್ ಒಂದು ಸೆಂಟಿಮೀಟರ್.

ಮಾವ ಕೂರುವುದಕ್ಕೇ ಐದು ನಿಮಿಷ ತೆಗೆದುಕೊಂಡರು. ಕೈ ಚಾಚಿದರು. ಬೆನ್ನು ಮುಂದಕ್ಕೆ ಬರಲು ಒಪ್ಪಿತ್ತು, ಪ್ಯಾಂಟು ಒಪ್ಪಲಿಲ್ಲ. ಹಿಂಬದಿಯ ಮೂರು ಸುತ್ತಿನ ಹೊಲಿಗೆ ಅವರನ್ನು ಸೊಂಟ ಹಿಡಿದು ಹಿಂದಕ್ಕೆ ಜಗ್ಗಿತು.

"ಇನ್ನೂ ಚಾಚಿ! ಇನ್ನೂ!"

"ಇಷ್ಟೇ ಸಾರ್ ಇರೋದು."

"ಮೈನಸ್ ಎಂಟು. ಫೇಲ್" ಅಂತ ಮೇಷ್ಟ್ರು ಬರೆದ. ಬೆನ್ನಿನಲ್ಲಿ ಎತ್ತಿನ ಬಲ, ಬಾಗುವುದರಲ್ಲಿ ಕಬ್ಬಿಣದ ಸಲಾಕೆ ಅಂತ ಷರಾ ಹಾಕಿ, ಮುಂದಿನವನನ್ನು ಕರೆದ.

ಮಾವ ಸಪ್ಪೆ ಮೋರೆ ಹಾಕಿಕೊಂಡು ಮನೆಗೆ ಬಂದು ಹೆಂಡತಿಗೆ ಹೇಳಿದರು. ಪ್ಯಾಂಟನ್ನು ಬಿಚ್ಚಿ ಅವಳ ಕೈಗೆ ಕೊಟ್ಟು, "ಇದನ್ನ ಸಡಿಲ ಮಾಡಿಸು, ಉಸಿರು ಕಟ್ಟುತ್ತೆ" ಅಂದರು. ಭಾವಮೈದ ಅಲ್ಲೇ ಇದ್ದ. ಅವನಿಗೆ ಮೆಲ್ಲಗೆ ಮಾತಾಡುವ ವಿದ್ಯೆ ಒಲಿದಿರಲಿಲ್ಲ. ಮೆಟ್ಟಿಲ ಮೇಲೆ ನಿಂತು ತನ್ನ ಹೆಂಡತಿಗೆ ಕೂಗಿ ಹೇಳಿದ. "ಏ ಕೇಳಿದ್ಯಾ? ಭಾವಂಗೆ ಮೈನಸ್ ಎಂಟಂತೆ!"

ಪಕ್ಕದ ಮನೆಯ ಕಿಟಕಿಯಲ್ಲಿ ನಿವೃತ್ತ ಹೆಡ್ ಮೇಡಂ ಕೂತಿದ್ದರು. ಅವರ ಕನ್ನಡಕ ಮೈನಸ್ ಮೂರು. "ಅಯ್ಯೋ ದೇವರೇ" ಅಂತ ಎದ್ದು ನಿಂತರು. "ನನ್ನ ಮೂರಕ್ಕೇ ಕನ್ನಡಕ ತೆಗೆದ್ರೆ ಬಾಗಿಲು ಯಾವುದು ಬೀರು ಯಾವುದು ಗೊತ್ತಾಗಲ್ಲ. ಎಂಟು ಅಂದ್ರೆ ಆ ಮನುಷ್ಯನಿಗೆ ಇನ್ನೇನು ಉಳಿದಿದೆ!"

ಸಂಜೆಯೊಳಗೆ ಇಡೀ ಬೀದಿಗೆ ಮಾವನ ಕಣ್ಣು ಹೋಗಿತ್ತು.

ಮಾರನೆಯ ದಿನ ಬೆಳಿಗ್ಗೆ ಮಾವ ಹಾಲಿಗೆ ಹೊರಟರೆ, ಹೆಡ್ ಮೇಡಂ ಓಡಿ ಬಂದು ಕೈ ಹಿಡಿದು ರಸ್ತೆ ದಾಟಿಸಿದರು. ಮೇಡಂಗೆ ವಯಸ್ಸಾಯಿತು, ಆಸರೆ ಬೇಕಾಗಿರಬೇಕು ಅಂತ ಮಾವ ಅವರನ್ನು ಮತ್ತೆ ಈ ಕಡೆಗೆ ದಾಟಿಸಿದರು. ಹೀಗೆ ನಾಲ್ಕು ಸಲ ಆಯಿತು. ಕೊನೆಗೆ ಹಾಲಿಲ್ಲದೆ ವಾಪಸ್ಸಾಗುವಾಗ ದರ್ಜಿ ಅಡ್ಡ ಬಂದ.

"ಮಾವ, ಮೈನಸ್ ಎಂಟಂತೆ. ನಿಜವಾ? ಯಾವಾಗಿಂದ ಇದು?"

"ನಿನಗೂ ಗೊತ್ತಾಯ್ತಾ? ಹನ್ನೆರಡು ವರ್ಷ ಆಯ್ತು ಕಣಯ್ಯ."

"ಹನ್ನೆರಡು ವರ್ಷ! ಒಬ್ಬರಿಗೂ ಹೇಳಲಿಲ್ವಲ್ಲ!"

"ಹೇಳಿ ಏನು ಮಾಡೋದು? ಬೆಳಿಗ್ಗೆ ಎದ್ದ ಕೂಡಲೇ ಸ್ವಲ್ಪ ಕಷ್ಟ. ಬಿಸಿಲೇರಿದ ಮೇಲೆ ಪರವಾಗಿಲ್ಲ."

"ಬಿಸಿಲಿದ್ರೆ ಪರವಾಗಿಲ್ಲ ಅನ್ನಿ" ಅಂತ ದರ್ಜಿ ಮೂಗು ಒರೆಸಿಕೊಂಡ. "ಔಷಧಿ?"

"ಎಣ್ಣೆ ಬಿಸಿ ಮಾಡಿ ಹೆಂಡತಿ ತಿಕ್ತಾಳೆ. ಮೊಣಕೈ ಹಾಕಿ ಒತ್ತಿದ್ರೆ ಹಾಯ್ ಅನ್ಸುತ್ತೆ."

ದರ್ಜಿ ತನ್ನ ಎರಡು ಕಣ್ಣನ್ನೂ ಬಿಗಿಯಾಗಿ ಮುಚ್ಚಿಕೊಂಡ. ಆ ತಾಯಿ ಎಂಥ ಗಟ್ಟಿಗಿತ್ತಿ ಅಂತ ಅಂದಿನಿಂದ ಅವನಿಗೆ ಮಾವನ ಹೆಂಡತಿಯನ್ನು ಕಂಡರೆ ಭಯ ಹುಟ್ಟಿತು.

ಇತ್ತ ಮಾವ ಮೇಲ್ಮನವಿ ಬರೆದರು. ಭಾವಮೈದ ದಿನಾ ವ್ಯಾಯಾಮಶಾಲೆಗೆ ಹೋಗುವವನು, ಹತ್ತು ದಿನ ಅವರನ್ನು ಹಿಡಿದು ಹಿಂಡಿದ. ನಡುಮನೆಯಲ್ಲಿ ಮಾವ ಕಾಲು ಚಾಚಿ ಕೂತರೆ, ಅವನು ಬೆನ್ನ ಮೇಲೆ ಎರಡು ಕೈ ಇಟ್ಟು "ಉಸಿರು ಬಿಡಿ ಭಾವ!" ಅನ್ನುತ್ತಿದ್ದ. ಮಾವ ಉಸಿರಿನ ಜೊತೆ ಇನ್ನೂ ಏನೇನೋ ಬಿಡುತ್ತಿದ್ದರು. ಹೆಂಡತಿ ಮೂಗು ಮುಚ್ಚಿಕೊಂಡು ಅಡುಗೆಮನೆಗೆ ಹೋಗುತ್ತಿದ್ದಳು.

ಎರಡನೇ ಪರೀಕ್ಷೆ ಮಧ್ಯಾಹ್ನ ಮೂರು ಗಂಟೆಗೆ. ಮಾವ ಈ ಸಲ ಘನತೆಯನ್ನು ಮನೆಯಲ್ಲಿ ಬಿಟ್ಟು ಪಾಯಿಜಾಮದಲ್ಲಿ ಹೋದರು. ಹದಿನೈದು ದಿನ ನೂರಾರು ಅಂಗಾಲುಗಳ ಒದೆ ತಿಂದು ಪೆಟ್ಟಿಗೆಯ ಹಲಗೆಯ ಮೊಳೆ ಸಡಿಲವಾಗಿತ್ತು. ಮಾವ ಕಾಲು ಊರಿದ್ದೇ ತಡ, ಹಲಗೆ ನಾಲ್ಕು ಬೆರಳು ಒಳಗೆ ಸರಿಯಿತು, ಅದರ ಜೊತೆ ಮಾವನೂ ಮುಂದೆ ಸರಿದರು. ಕೈ ಅಳತೆಪಟ್ಟಿಯ ಮೇಲೆ ಜಾರುಬಂಡಿ ಆಡಿತು.

"ಪ್ಲಸ್ ಹನ್ನೊಂದು!" ಮೇಷ್ಟ್ರು ಕುಪ್ಪಳಿಸಿದ.

"ಸಾರ್, ಹಲಗೆ ಒಳಗೆ ಹೋಯ್ತು. ಪೆಟ್ಟಿಗೆ ಕದಲಿದೆ."

"ಪೆಟ್ಟಿಗೆ ಯಾವತ್ತೂ ಕದಲಲ್ಲ ರೀ. ಮನುಷ್ಯ ಕದಲ್ತಾನೆ!"

ಈಗ ದೊಡ್ಡ ಸಾಹೇಬರ ಮೇಜಿನ ಮೇಲೆ ಎರಡು ಪ್ರಮಾಣಪತ್ರ. ಒಂದೇ ಬೆನ್ನು, ಒಂದೇ ಪೆಟ್ಟಿಗೆ, ಒಂದೇ ಸಹಿ. ಒಂದರಲ್ಲಿ ಮೈನಸ್ ಎಂಟು, ಇನ್ನೊಂದರಲ್ಲಿ ಪ್ಲಸ್ ಹನ್ನೊಂದು. ಸಾಹೇಬರು ಕಡತ ನೋಡಿದರು, ಮಾವನನ್ನು ನೋಡಿದರು, ಮತ್ತೆ ಕಡತ ನೋಡಿದರು. ಯಾವುದು ಸುಳ್ಳು ಅಂದರೂ ಪೆಟ್ಟಿಗೆ ತರಿಸಿದ ತಮ್ಮ ಸಹಿಯೇ ಸುಳ್ಳಾಗುತ್ತದೆ. ಕೊನೆಗೆ ಪೆನ್ನು ತೆಗೆದು ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸಿದರು. ಪ್ಲಸ್ ಒಂದೂವರೆ.

"ಪಾಸ್!" ಅಂದರು. "ಆದರೆ ಕೂದಲೆಳೆಯಲ್ಲಿ ಪಾಸ್. ಇನ್ನು ಮೇಲೆ ನಿಯಮದ ಪ್ರಕಾರ ಬಗ್ಗಿಯೇ ಓದಬೇಕು. ಮೇಲ್ವಿಚಾರಕ ಜೊತೆಗಿರ್ತಾನೆ. ಮತ್ತೆ ಈ ಛತ್ರಿ ಯಾಕ್ರೀ ಸದಾ ಕೈಯಲ್ಲಿ? ಛತ್ರಿ ಹಿಡಿದವನು ಹೇಗೆ ಬಗ್ತಾನೆ? ಮನೇಲಿಡಿ ಅದನ್ನ."

ಮಾವನಿಗೆ ಬೀದಿ ಸಿಕ್ಕಿತಲ್ಲ, ಅಷ್ಟು ಸಾಕು ಅನ್ನಿಸಿತು. ಮೂರು ದಿನ ಮೇಲ್ವಿಚಾರಕನ ಎದುರು ಗುಂಡಿಗುಂಡಿಗೂ ಬಗ್ಗಿ, ತಲೆ ತೂರಿಸಿ, ಅಂಕಿ ಬರೆದುಕೊಂಡರು. ಮಾವ ಬಗ್ಗಿದ್ದನ್ನು ಕಂಡ ಬೀದಿಯವರು "ಪಾಪ, ಹತ್ತಿರ ಹೋದ್ರೂ ಕಾಣ್ತಿಲ್ಲ" ಅಂತ ಲೊಚಗುಟ್ಟಿದರು. ಬೆನ್ನು ತನ್ನ ಕೆಲಸ ಅಚ್ಚುಕಟ್ಟಾಗಿ ಮಾಡಿತು. ತಲೆ ಹನ್ನೆರಡು ವರ್ಷದಿಂದ ಮಾಡುತ್ತಿದ್ದುದನ್ನೇ ಮಾಡಿತು.

ಮುಂದಿನ ವಾರ ಬಿಲ್ಲುಗಳು ಮನೆ ಸೇರಿದವು, ಅದರ ಬೆನ್ನಿಗೇ ಜನ ನಾಲ್ಕನೇ ಕಿಟಕಿ ಸೇರಿದರು. ಎರಡು ಸೂಜಿ, ಒಂದು ಇಸ್ತ್ರಿಪೆಟ್ಟಿಗೆ ಇಟ್ಟುಕೊಂಡ ದರ್ಜಿ ಒಂದೇ ತಿಂಗಳಲ್ಲಿ ಮೂರು ಸಾವಿರದ ಒಂಬೈನೂರ ಹದಿನೆಂಟು ಯೂನಿಟ್ ನೀರು ಬಳಸಿದ್ದ.

"ನನ್ನದು ಅಂಗಡಿ ಸ್ವಾಮಿ, ಅಣೆಕಟ್ಟಲ್ಲ!" ಅಂತ ಅವನು ಕಿಟಕಿಯ ಸರಳು ಹಿಡಿದು ಅಲ್ಲಾಡಿಸಿದ.

"ಅರ್ಜಿ ಬರೆದು ಕೊಡಿ, ನೋಡೋಣ" ಅಂದ ಗುಮಾಸ್ತ.

ಹೆಡ್ ಮೇಡಂ ಬಂದದ್ದು ದೂರು ಕೊಡಲಲ್ಲ, ವಸೂಲಿಗೆ. ಅವರ ಬಿಲ್ಲಿನಲ್ಲಿ ಮೈನಸ್ ಸಾವಿರದ ನಾನೂರ ಮೂವತ್ತು ಅಂತ ಅಚ್ಚಾಗಿತ್ತು. "ಇದರ ಪ್ರಕಾರ ಹೋದ ತಿಂಗಳು ನಾನೇ ನಿಮ್ಮ ಇಲಾಖೆಗೆ ನೀರು ಸರಬರಾಜು ಮಾಡಿದ್ದೀನಿ. ಯಾವ ನಲ್ಲಿಯಿಂದ, ಯಾವ ಹೊತ್ತಲ್ಲಿ, ಬಿಡಿಸಿ ಬರೆದು ಕೊಡಿ" ಅಂತ ಅವರು ಮೇಜು ಕುಟ್ಟಿದರು.

"ಆ ಮನುಷ್ಯನಿಗೆ ಮೈನಸ್ ಎಂಟು! ಕುರುಡನನ್ನ ಮೀಟರ್ ಓದೋಕೆ ಬಿಟ್ಟಿದೀರಾ?" ಅಂತ ಯಾರೋ ಹಿಂದಿನಿಂದ ಕೂಗಿದರು. ಅದು ಘೋಷಣೆಯೇ ಆಗಿಹೋಯಿತು. "ಮೈನಸ್ ಎಂಟು! ಮೈನಸ್ ಎಂಟು!"

ದೊಡ್ಡ ಸಾಹೇಬರು ಹೊರಗೆ ಬಂದರು. ಮಾವನನ್ನು ಕರೆಸಿದರು. ಆಫೀಸಿನ ಅಂಗಳದಲ್ಲೇ ಒಂದು ಮೀಟರಿನ ಗುಂಡಿಯಿತ್ತು. "ಎಲ್ಲರ ಎದುರಿಗೇ ಓದಿ" ಅಂದರು. ಮಾವ ಪ್ಲಸ್ ಹನ್ನೊಂದರ ಸೊಗಸಿನಲ್ಲಿ ಬಗ್ಗಿ, ತಲೆ ತೂರಿಸಿ, ಖಡಕ್ಕಾಗಿ ಹೇಳಿದರು. "ಆರು ಮೂರು ಏಳು ಸೊನ್ನೆ!"

ಮೇಲ್ವಿಚಾರಕ ಬಗ್ಗಿ ನೋಡಿದ. "ಸಾರ್, ಸೊನ್ನೆ ಏಳು ಮೂರು ಆರು."

ಅಂಗಳದಲ್ಲಿ ಹೋ ಅಂತ ಗದ್ದಲ ಎದ್ದಿತು. ಮಾವನ ಮುಖ ಬಿಳುಪೇರಿತು. ಇನ್ನು ಬೀದಿಯೂ ಇಲ್ಲ, ಮರ್ಯಾದೆಯೂ ಇಲ್ಲ ಅಂತ ಅವರು ಗುಂಡಿಯ ಅಂಚಿನಲ್ಲೇ ಕುಸಿದು ಕೂತರು. ಆ ಹೊತ್ತಿಗೆ ಸರಿಯಾಗಿ ಅವರ ಹೆಂಡತಿ ಜನರನ್ನು ಸರಿಸಿಕೊಂಡು ಬಂದಳು. ದರ್ಜಿ ತನ್ನ ಕಣ್ಣಿನ ಮೇಲೆ ಕೈಯಿಟ್ಟುಕೊಂಡು ದಾರಿ ಬಿಟ್ಟ. ಅವಳ ಕೈಯಲ್ಲಿ ಛತ್ರಿ ಇತ್ತು.

"ಇದಿಲ್ದೆ ಇವರಿಗೆ ಓದೋಕೆ ಬರಲ್ಲ ಸಾರ್" ಅಂದಳು. "ತಗೊಳ್ರೀ, ಸುಮ್ನೆ ಎದ್ದು ನಿಂತ್ಕೊಂಡು ಓದಿ."

ಮಾವ ಎದ್ದು ನೆಟ್ಟಗೆ ನಿಂತರು. ಕನ್ನಡಿ ಇಳಿಬಿಟ್ಟರು. "ಸೊನ್ನೆ ಏಳು ಮೂರು ಆರು" ಅಂದರು. ಮೇಲ್ವಿಚಾರಕ ಹೌದೆಂದು ತಲೆಯಾಡಿಸಿದ.

"ಎಷ್ಟು ವರ್ಷದಿಂದ ಇದು?" ಸಾಹೇಬರ ಧ್ವನಿ ಸಣ್ಣದಾಗಿತ್ತು.

"ಹನ್ನೆರಡು ವರ್ಷ ಸಾರ್. ಬಗ್ಗಿ ಓದಿದ್ದು ಈ ಮೂರೇ ದಿನ."

"ಹನ್ನೆರಡು ವರ್ಷದಲ್ಲಿ ನಮಗೆ ಒಂದು ತಪ್ಪು ಬಿಲ್ ಬಂದಿಲ್ಲ" ಅಂದರು ಹೆಡ್ ಮೇಡಂ. ಶಾಲೆಯ ದನಿ ಅದು, ಸಾಹೇಬರು ಗೊತ್ತಿಲ್ಲದೆ ಕೈ ಕಟ್ಟಿ ನಿಂತುಬಿಟ್ಟರು. "ಅವರ ಕಣ್ಣಿಗೂ ಏನೂ ಆಗಿಲ್ಲ ಅಂತ ಈಗ ಕಂಡಿತು. ಅವರನ್ನ ಬಗ್ಗಿಸಿದವರು ಯಾರು? ಮುಂದೆ ಬರಲಿ!"

ಸಾಹೇಬರು ಮುಂದೆ ಬಂದು, ಸೊಂಟದಿಂದ ಬಾಗಿ ಕ್ಷಮೆ ಕೇಳಿದರು. ಬಾಗಿದ ಕೂಡಲೇ ಜನರ ಸಿಟ್ಟು ಅರ್ಧ ಇಳಿದದ್ದನ್ನು ಅವರು ಬಾಗಿದ ಕಡೆಯಿಂದಲೇ ಗಮನಿಸಿದರು. ಇಂಥ ಜ್ಞಾನೋದಯವನ್ನು ಅಧಿಕಾರಿಗಳು ವ್ಯರ್ಥ ಮಾಡುವುದಿಲ್ಲ. ಸಂಜೆಯೇ ಹೊಸ ಸುತ್ತೋಲೆ ಹೊರಟಿತು. ಮೀಟರಿನ ಮುಂದೆ ಬಾಗುವುದರಿಂದ ಇಲಾಖೆಗೆ ಕೇಡು, ಸಾರ್ವಜನಿಕರ ಮುಂದೆ ಬಾಗುವುದರಿಂದ ಇಲಾಖೆಗೆ ಒಳಿತು. ಆದುದರಿಂದ ಮೈನಸ್ ಬಂದವರು ಕನ್ನಡಿ ಹಿಡಿದು ಬೀದಿಗೆ ಹೋಗತಕ್ಕದ್ದು. ಪ್ಲಸ್ ಬಂದವರು ನಾಲ್ಕನೇ ಕಿಟಕಿಯಲ್ಲಿ ಕೂರತಕ್ಕದ್ದು.

ಮಾವನ ಸರಾಸರಿ ಪ್ಲಸ್ ಒಂದೂವರೆ.

"ಸಾರ್, ನಾನು ಮೈನಸ್ ಎಂಟು ಸಾರ್!" ಅಂತ ಮಾವ ಸಾಹೇಬರ ಕಾರಿನ ಹಿಂದೆ ಓಡಿದರು. ಮೂರು ವಾರದ ಹಿಂದೆ ಈ ಮಾತು ಕೇಳಿದರೆ ತಲೆ ತಗ್ಗಿಸುತ್ತಿದ್ದವರು ಈಗ ಅದನ್ನೇ ಬಿರುದಿನ ಹಾಗೆ ಕೂಗಿಕೊಂಡರು. "ಆಣೆ ಮಾಡಿ ಹೇಳ್ತೀನಿ, ಮೈನಸ್ ಎಂಟು!"

"ಹಾಗಾದ್ರೆ ಮೂರನೇ ಸಲ ಪರೀಕ್ಷೆ ಮಾಡಿಸೋಣ" ಅಂದರು ಸಾಹೇಬರು. "ಎರಡರಲ್ಲಿ ಯಾವುದು ಮತ್ತೆ ಬರುತ್ತೋ ಅದೇ ನಿಜ. ಸೋಮವಾರ ಬೆಳಿಗ್ಗೆ ಎಂಟಕ್ಕೆ."

ಭಾನುವಾರ ಮನೆಯಲ್ಲಿ ಸಭೆ ಸೇರಿತು. ಹತ್ತು ದಿನ ಹಿಂಡಿದ ಬೆನ್ನು ಈಗ ಹೇಳಿದ ಮಾತು ಕೇಳುತ್ತಿರಲಿಲ್ಲ. ಮಾವ ಎಷ್ಟು ಬೇಡವೆಂದರೂ ಕೈ ಕಾಲ್ಬೆರಳನ್ನು ದಾಟಿಯೇ ಬಿಡುತ್ತಿತ್ತು.

"ನಾಟಕ ಮಾಡಿ ಭಾವ. ಆಗಲ್ಲ ಅಂತ ನರಳಿ" ಅಂದ ಭಾವಮೈದ.

"ಇವರಿಗಾ? ನಾಟಕಾನಾ?" ಅಂದಳು ಹೆಂಡತಿ. "ಸಾರಿಗೆ ಉಪ್ಪು ಜಾಸ್ತಿ ಆದ್ರೆ ಚೆನ್ನಾಗಿದೆ ಅಂತ ಒಂದು ಸುಳ್ಳು ಹೇಳೋಕೆ ಬರಲ್ಲ ಇವರಿಗೆ. ಮುಖಾನೇ ಹೇಳಿಬಿಡುತ್ತೆ." ಅವಳು ಸ್ವಲ್ಪ ಹೊತ್ತು ಗಂಡನನ್ನೇ ನೋಡಿದಳು. "ಬೀದಿ ಹೋದ್ರೆ ಇವರು ಉಳಿಯಲ್ಲ ಕಣೋ. ಮೊದಲ ಸಲ ಏನು ಹಾಕ್ಕೊಂಡು ಹೋಗಿದ್ರಿ ನೀವು?"

ಮೂವರೂ ಒಟ್ಟಿಗೆ ಎದ್ದರು. ಪ್ಯಾಂಟು! ಅದನ್ನು ಸಡಿಲ ಮಾಡಲು ಕೊಟ್ಟು ನಾಲ್ಕು ವಾರವಾಗಿತ್ತು. ಮಾವ ಚಪ್ಪಲಿಯನ್ನೂ ಮೆಟ್ಟದೆ ದರ್ಜಿಯ ಅಂಗಡಿಗೆ ಓಡಿದರು.

"ಬಿಚ್ಚಿಬಿಟ್ಯಾ? ಹೇಳು, ಬಿಚ್ಚಿಬಿಟ್ಯಾ?"

ದರ್ಜಿ ತಪ್ಪು ಮಾಡಿದವನ ಹಾಗೆ ನೆಲ ನೋಡಿದ. "ಬೈಬೇಡಿ ಮಾವ. ಮೂರು ಸಲ ಕತ್ತರಿ ಹಿಡಿದೆ. ಅಂಥ ಹೊಲಿಗೇನ ಬಿಚ್ಚೋಕೆ ಮನಸ್ಸೇ ಬರಲಿಲ್ಲ."

ಮಾವ ಅವನನ್ನು ತಬ್ಬಿಕೊಂಡು ಗಳಗಳನೆ ಅತ್ತೇಬಿಟ್ಟರು. "ನಾಳೆ ಇದಕ್ಕೆ ಮತ್ತೆ ಟೆಸ್ಟು ಕಣಯ್ಯ" ಅಂದರು.

"ಹಾಗಾದ್ರೆ ನಾನೂ ಬರ್ತೀನಿ" ಅಂದ ದರ್ಜಿ.

ಸೋಮವಾರ ಬೆಳಿಗ್ಗೆ ಎಂಟು. ಗೋದಾಮಿನಲ್ಲಿ ದೊಡ್ಡ ಸಾಹೇಬರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮೇಷ್ಟ್ರ ಮುಖದಲ್ಲಿ ರಕ್ತವಿರಲಿಲ್ಲ. ಒಂದೇ ಬೆನ್ನಿಗೆ ಎರಡು ಅಂಕಿ ಕೊಟ್ಟ ಪೆಟ್ಟಿಗೆ ಮೂರನೆಯದನ್ನೂ ಕೊಟ್ಟರೆ, ಪೆಟ್ಟಿಗೆಯ ಜೊತೆ ತಾನೂ ಮೂಲೆ ಸೇರುವುದು ಅವನಿಗೆ ಖಾತ್ರಿಯಾಗಿತ್ತು. ಹಲಗೆಗೆ ಹೊಸ ಮೊಳೆ ಹೊಡೆದು ತಂದಿದ್ದ. ಬಾಗಿಲ ಬಳಿ ದರ್ಜಿ ಮದುವೆಗೆ ಬಂದವನ ಹಾಗೆ ಇಸ್ತ್ರಿ ಅಂಗಿ ಹಾಕಿಕೊಂಡು ನಿಂತಿದ್ದ.

ಮಾವ ಮೆಲ್ಲಗೆ, ಹಂತಹಂತವಾಗಿ ಕೂತರು. ಅಂಗಾಲು ಊರಿದರು. ನಾಟಕ ಬೇಡ, ಮನಸ್ಸಿಟ್ಟು ಚಾಚಿ ಅಂತ ಹೆಂಡತಿ ಹೇಳಿ ಕಳಿಸಿದ್ದಳು. ಅವರು ಮನಸ್ಸಿಟ್ಟೇ ಚಾಚಿದರು. ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು. ಹಿಂಬದಿಯಲ್ಲಿ ಕಿರ್ ಅಂತ ಸಣ್ಣ ಸದ್ದಾಯಿತು. ಬಾಗಿಲಲ್ಲಿ ದರ್ಜಿ ಉಸಿರು ಹಿಡಿದ. ಮೂರನೇ ಸುತ್ತಿನ ಹೊಲಿಗೆ ತಡೆದು ನಿಂತಿತು. ಕೈಯೂ ಅಲ್ಲೇ ನಿಂತಿತು.

ಮೇಷ್ಟ್ರು ಮೊಣಕಾಲೂರಿ ಅಳತೆಪಟ್ಟಿಗೆ ಮೂಗು ತಾಗಿಸಿ ನೋಡಿದ. ಎದ್ದವನೇ ಸೀಟಿ ಊದಿ ಕುಣಿದಾಡಿದ.

"ಮೈನಸ್ ಎಂಟು! ಸಾರ್, ಒಂದು ಕೂದಲಷ್ಟೂ ಆಚೀಚೆ ಇಲ್ಲ, ಮೈನಸ್ ಎಂಟು! ನೋಡಿದ್ರಾ ನನ್ನ ಪೆಟ್ಟಿಗೇನ? ಇದಕ್ಕೇ ವಿಶ್ವಾಸಾರ್ಹತೆ ಅನ್ನೋದು!"

ದೊಡ್ಡ ಸಾಹೇಬರು ನಿರಾಳವಾಗಿ ಪೆನ್ನು ತೆಗೆದರು. ಮಾವನನ್ನು ಬೀದಿಗೆ ಖಾಯಂ ಮಾಡಿ ಸಹಿ ಹಾಕಿದರು. ಮೇಲ್ವಿಚಾರಕನೂ ಜವಾನನೂ ಎರಡು ಕಡೆ ಹಿಡಿದು ಮಾವನನ್ನು ಎತ್ತಿ ನಿಲ್ಲಿಸಿದರು. ಮಾವ ಒಂದು ಕೈಯಲ್ಲಿ ಆದೇಶ, ಇನ್ನೊಂದರಲ್ಲಿ ಛತ್ರಿ ಹಿಡಿದು, ಮಂಡಿ ಮಡಿಸದೆ, ಕಣ್ಣೊರೆಸಿಕೊಳ್ಳುತ್ತಾ ಹೊರಟರು.

ಆಗ ದರ್ಜಿ ಎರಡು ಹೆಜ್ಜೆ ಮುಂದೆ ಬಂದು ಸಾಹೇಬರಿಗೂ ಮೇಷ್ಟ್ರಿಗೂ ಕೈ ಮುಗಿದ.

"ನಾನು ಅವತ್ತೇ ಮಾವನಿಗೆ ನಿಶ್ಚಿಂತೆಯಾಗಿರಿ ಅಂದಿದ್ದೆ ಸಾರ್. ಎಷ್ಟು ಸಲ ಟೆಸ್ಟ್ ಮಾಡಿದ್ರೂ ಅಷ್ಟೇ ಬರುತ್ತೆ."

ಸಾಹೇಬರು ಮೆಚ್ಚಿ ತಲೆದೂಗಿದರು. ಆ ಮಾತನ್ನು ಅಕ್ಷರವೂ ಬಿಡದೆ ಕಡತದಲ್ಲಿ ಬರೆದುಕೊಂಡು, ಮೇಲೆ 'ತಜ್ಞರ ಅಭಿಪ್ರಾಯ' ಅಂತ ಶೀರ್ಷಿಕೆ ಹಾಕಿ ಎರಡು ಗೆರೆ ಎಳೆದರು.